ಬ್ರೇಕ್ ಆಯಿಲ್ ಬದಲಾಯಿಸಿದ ದಿನ

ಪಶುವೈದ್ಯೆ ಅಂದು ಗ್ಯಾರೇಜಿಗೆ ಬಂದದ್ದೇ ಜಗಳಕ್ಕೆ. ಕೈಯಲ್ಲಿ ಜೀಪಿನ ಪುಸ್ತಕವಿತ್ತು.

“ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ಸಾಕು ಅಂತ ಇದರಲ್ಲಿದೆ. ನೀವು ನೋಡಿದ್ರೆ ತಿಂಗಳಿಗೊಮ್ಮೆ ಚೆಕ್ ಮಾಡ್ಬೇಕು, ಬನ್ನಿ ಅಂತೀರಿ. ಯಾಕೆ?”

ಮೆಕ್ಯಾನಿಕ್ ಬಾನೆಟ್ ಎತ್ತಿದ. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಪೆನ್ನಿನಂಥ ಟೆಸ್ಟರ್ ಅದ್ದಿದ. ಇಷ್ಟು ದಿನ ಹಸಿರಾಗಿದ್ದ ದೀಪ ಇವತ್ತು ಕೆಂಪಾಯಿತು.

“ಇವತ್ತು ನಿಜವಾಗ್ಲೂ ಬದಲಾಯಿಸ್ಬೇಕು ಡಾಕ್ಟ್ರೇ. ಹೊಸದಿದ್ದಾಗ ಜೇನಿನ ಬಣ್ಣ ಇತ್ತು, ಈಗ ನೋಡಿ, ಕಡು ಕಾಫಿ. ಎಷ್ಟೇ ಮುಚ್ಚಿಟ್ರೂ ಗಾಳಿಯ ತೇವ ಹೀರ್ಕೊಳ್ಳುತ್ತೆ. ಇಳಿಜಾರಲ್ಲಿ ಬ್ರೇಕ್ ಬಿಸಿಯಾದ್ರೆ ಆ ನೀರು ಕುದಿಯುತ್ತೆ, ಪೆಡಲ್ ಒತ್ತಿದ್ರೆ ಸ್ಪಂಜು ತುಳಿದ ಹಾಗಾಗುತ್ತೆ.”

“ಮಾತು ಮರೆಸ್ಬೇಡಿ.”

ಹಳೆಯ ಆಯಿಲ್ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಸಣ್ಣ ತಿರುಪು ಸಡಿಲಿಸಬೇಕು. ಪೆಡಲ್ ಒತ್ತುವ ಅವನ ಅಕ್ಕ ಊಟಕ್ಕೆ ಹೋಗಿದ್ದಳು. ಡಾಕ್ಟರೇ ಜೀಪು ಹತ್ತಿದಳು. ಅಷ್ಟರಲ್ಲಿ ಅವನು ಸೀಟಿನ ಮೇಲೆ ಒಗೆದ ಟವೆಲ್ ಹಾಸಿಬಿಟ್ಟಿದ್ದ. ಅದನ್ನವಳು ಕಂಡೂ ಕಾಣದಂತೆ ಕೂತಳು.

“ಒತ್ತಿ. ಹಾಗೇ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಕಾಲೆತ್ಬೇಡಿ, ಗಾಳಿ ಸೇರುತ್ತೆ.”

“ಎತ್ತಲ್ಲ. ನೀವು ನಿಜ ಹೇಳಿ. ಇಲ್ಲಾಂದ್ರೆ ನಾಳೆಯಿಂದ ನಾನು ಬೇರೆ ಗ್ಯಾರೇಜು ನೋಡ್ಕೋತೀನಿ.”

ಚಕ್ರದ ಮರೆಯಲ್ಲಿ ಅವನು ತಿರುಪಿಗೆ ಕೊಳವೆ ಸಿಕ್ಕಿಸಿ ಸಡಿಲಿಸಿದ. ಕೊಳವೆಯಲ್ಲಿ ಕಪ್ಪು ಆಯಿಲ್ ಇಳಿಯುತ್ತಿತ್ತು.

“ಮೊದಲನೇ ಸಲ ಹೆದರಿ ಕರೆದೆ. ಹಸುಗಳಿಗೆ ಹೆರಿಗೆ ಮಾಡಿಸೋಕೆ ಆ ಇಳಿಜಾರಿನ ದಾರೀಲಿ ನೀವೊಬ್ಬರೇ ಹೋಗ್ತೀರಲ್ಲ, ಅದಕ್ಕೆ. ಎರಡನೇ ಸಲ...” ಅವನು ಕೊಳವೆಯ ತುದಿ ಸರಿಮಾಡಿದ. “ಎರಡನೇ ಸಲ ನಿಮ್ಮನ್ನ ನೋಡೋಕೆ. ಆಮೇಲೆಲ್ಲ ಅದಕ್ಕೇ.”

ಅವಳ ಕಾಲು ತಾನಾಗಿಯೇ ಮೇಲೆದ್ದಿತು.

“ಅಯ್ಯೋ! ಗಾಳಿ ಒಳಗೆ ಹೋಯ್ತು! ಮತ್ತೆ ಮೊದಲಿಂದ ಮಾಡ್ಬೇಕು.”

“ಹಸು ಒದ್ದರೂ ಅಲ್ಲಾಡದ ಕಾಲು ಇದು. ತಪ್ಪು ನಿಮ್ಮದೇ.” ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಚಕ್ರದ ಹಿಂದಿನಿಂದ ಮೆಲ್ಲಗೆ ತಲೆಯೆತ್ತಿದ. ಕೆನ್ನೆಗೆಲ್ಲ ಗ್ರೀಸು, ಕಿವಿ ಕೆಂಪು. ಮುಖದಲ್ಲಿ ಅಪರಾಧಿಯ ಅಳುಕು.

“ಜೀಪಿಗೆ ಏನೂ ಆಗದಿದ್ರೂ ಬರ್ತೀರಾ?”

ಅವಳು ಸೀಟಿನ ಟವೆಲ್ ಹಿಡಿದು ಕೆಳಗಿಳಿದು, ಅದರ ಅಂಚಿನಿಂದಲೇ ಅವನ ಕೆನ್ನೆಯ ಗ್ರೀಸು ಒರೆಸಿದಳು.

“ಜೀಪನ್ನ ಇಲ್ಲಿಗೆ ಯಾಕೆ ತರ್ಬೇಕು? ನಾಳೆ ಸಂಜೆ ಆಸ್ಪತ್ರೆ ಮುಗಿಸಿ, ನಡ್ಕೊಂಡೇ ಬರ್ತೀನಿ.”