ಹಡಪಸರ ದಾರಿಯ ಕೆಲಸ

"ನನ್ನ ತಾಳಿ ಹೋತು! ಯಾರೋ ನನ್ನ ತಾಳಿ ಒಯ್ದರು!"

ತುಟಿಗಿಟ್ಟ ಚಹಾದ ಕಪ್ಪನ್ನು ಎಲ್ಲಿ ಇಟ್ಟೆನೋ ನನಗೇ ಗೊತ್ತಿಲ್ಲ. ಮನೆಯೊಡೆಯ ಫಕೀರಪ್ಪನ ಬೆನ್ನಿಗೇ ಹಿಂದಿನ ಪಡಸಾಲೆಗೆ ಓಡಿದೆ. ಬಚ್ಚಲ ಬಾಗಿಲಲ್ಲಿ ಅವನ ಹೆಂಡತಿ ಶಿವಬಸವ್ವ ಗೋಡೆ ಹಿಡಿದು ನಿಂತಿದ್ದಳು. ಬೆನ್ನ ಮೇಲೆ ಒದ್ದೆ ಕೂದಲು, ಕೊರಳಲ್ಲಿ ಹಳದಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು, ಕಣ್ತುಂಬ ನೀರು. ಮೆಟ್ಟಿಲ ಬುಡದ ಗೂಡಿನತ್ತ ಕೈ ಮಾಡಿದಳು. ಗೂಡು ಖಾಲಿ.

"ಕೊಂಡಿ ಸಡಲಾಗಿತ್ರಿ. ಜಳಕಕ್ಕ ಹೋಗೂ ಮುಂದ ಇಲ್ಲಿ ತಗದಿಟ್ಟೆ. ಹೊರಗ ಬಂದು ನೋಡಿದ್ರ ಇಲ್ಲ!"

ತಾಳಿಯ ಜೊತೆ ಬಂಗಾರದ ಗುಂಡುಗಳ ಸರ. ಮದುವೆಯಲ್ಲಿ ಫಕೀರಪ್ಪನ ತಾಯಿ ಮಾಡಿಸಿ ಹಾಕಿದ್ದು. ಹಾಡಹಗಲಲ್ಲಿ, ಮನೆಯೊಳಗೆ, ಹೆಣ್ಣುಮಗಳ ತಾಳಿ ಕಳುವು!

ಮೆಟ್ಟಿಲ ಮೇಲೆ ಇಬ್ಬರು ನಿಂತಿದ್ದರು. ಒಬ್ಬ ಈ ಮನೆಯ ಮಗ ನಿತಿನ, ಕೈಯಲ್ಲಿ ಯಥಾಪ್ರಕಾರ ಮೊಬೈಲು. ಅವನ ಹಿಂದೆ ಮೇಲಿನ ಕೋಣೆಯ ಬಾಡಿಗೆಯವಳು ಶೈಲಶ್ರೀ. ಫಕೀರಪ್ಪ ಮಗನನ್ನು ನೋಡಲೇ ಇಲ್ಲ, ಶೈಲಶ್ರೀಯತ್ತ ಬೆರಳು ಮಾಡಿದ.

"ನೀನಽ! ಮತ್ಯಾರು? ಕುದರಿ ಬಾಲಕ್ಕ ರೊಕ್ಕಾ ಕಟ್ಟಿ ಹೊಟ್ಟಿ ಹೊರಿಯಾಕಿ!"

ನಾನು ಬೆಚ್ಚಿಬಿದ್ದೆ. ಕುದುರೆ? ರೇಸು? ಆ ಹುಡುಗಿಗೆ ಈ ಮನೆ ಕೊಡಿಸಿದವನೇ ನಾನು! ಧಾರವಾಡದವಳು, ಒಬ್ಬಳೇ ಇರುತ್ತಾಳೆ, ಹಡಪಸರ ಕಡೆ ಕೆಲಸ ಎಂದು ಶಿಫಾರಸು ಮಾಡಿದ್ದೆ. ಪುಣೆಯಲ್ಲಿ ಹಡಪಸರ ಅಂದಮೇಲೆ ಕಂಪ್ಯೂಟರ್ ಆಫೀಸೇ ಇರಬೇಕು ಎಂದು ಎಲ್ಲರೂ ತಿಳಿದಿದ್ದೆವು.

"ನಾ ತಗೊಂಡಿಲ್ರಿ ಕಾಕಾ," ಎಂದಳು ಶೈಲಶ್ರೀ. ಅವಳ ಮುಖ ಬಿಳಚಿಕೊಂಡಿತ್ತು. "ರೇಸ್ ಆಡೂದು ಖರೆ. ಕದಿಯೂದಿಲ್ರಿ."

"ಎರಡೂ ಒಂದಽ! ಸಂಜೀತನಕಾ ನೋಡತೀನಿ. ಸರಾ ಬರಲಿಲ್ಲಂದ್ರ ಪೊಲೀಸ್ ಚೌಕಿ. ಸರಾ ಬಂದ್ರೂ ನೀ ಈ ಮನಿಯೊಳಗ ಇರೂ ಹಂಗಿಲ್ಲ."

"ಕಳ್ಳಿ ಅಂತ ಹೊರಗ ಹಾಕಿದ್ರ, ಈ ಪುಣೆಯೊಳಗ ನನಗ ಯಾರು ಮನಿ ಕೊಡ್ತಾರ್ರಿ?"

ನಾನು ಹೊರಗೆ ಬಂದು ಅಂಬಾತಾಯಿಗೆ ಫೋನ್ ಮಾಡಿದೆ.

ಅಂಬಾತಾಯಿ ಬೆಳಗಾವಿಯವಳು. ಧನಕವಡಿಯಲ್ಲಿ ನನ್ನ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯೇ ಅವಳ ಮನೆ, ಅದೇ ಅವಳ ಆಫೀಸು. ಮದುವೆಗೆ ಮುಂಚೆ ಗಂಡು ಹೆಣ್ಣಿನ ನಡತೆ ವಿಚಾರಿಸಿ ಹೇಳುವ ಪತ್ತೇದಾರಿ ಅವಳ ದಂಧೆ. ಬೀಗರಾಗುವವರು ಬಚ್ಚಿಟ್ಟದ್ದನ್ನು ಹೊರಗೆ ಎಳೆಯುವುದರಲ್ಲಿ ಅವಳಿಗೆ ಸಾಟಿಯಿಲ್ಲ. ಪೊಲೀಸರು ಮೆಟ್ಟಿಲು ಹತ್ತಿದರೆ ನಾಳೆ ನಿತಿನನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಾನು ಕೇಳಿದ್ದೇ ತಡ, ಫಕೀರಪ್ಪ ಅವಳು ಬರುವುದಕ್ಕೆ ಒಪ್ಪಿದ.

ಬಂದವಳೇ ಮೊದಲು ಗೂಡು ನೋಡಿದಳು. ಆಮೇಲೆ ಶೈಲಶ್ರೀಯ ಕೋಣೆ, ನಿತಿನನ ಕೋಣೆ ಎರಡನ್ನೂ ಜಾಲಾಡಿದಳು. ಸರವಿಲ್ಲ. ಕೂಗು ಏಳುವ ತನಕ ಮುಂಬಾಗಿಲ ಹತ್ತಿರ ಚಹಾ ಕುಡಿಯುತ್ತಿದ್ದವನು ನಾನೇ, ಫೋನ್ ಮಾಡಿದ ಮೇಲೂ ಅಲ್ಲೇ ಕಾದಿದ್ದೆ. ಯಾರೂ ಹೊರಗೆ ಹೋಗಿರಲಿಲ್ಲ. ಹಾಗಾದರೆ ಬಂಗಾರ ಕರಗಿ ನೀರಾಯಿತೇ?

"ನಿತಿನ, ನೀ ಏನ್ ಕೆಲಸಾ ಮಾಡ್ತಿ?"

"ಟ್ರೇಡಿಂಗ್ ಮಾವಶಿ. ಶೇರ್ ಮಾರ್ಕೆಟ್ಟಿನ ಆಪ್ಶನ್ಸ್. ಮೊಬೈಲಿನ್ಯಾಗಽ."

"ಲಾಭ ಅದನೋ ನುಕ್ಸಾನೋ?"

ಹುಡುಗ ನೆಲ ನೋಡಿದ. "ಈಗ ಸ್ವಲ್ಪ… ಮಾರ್ಕೆಟ್ ಡೌನ್ ಅದ."

ಇವನೂ ಬಂಗಾರ ಮುಟ್ಟುವ ಗಿರಾಕಿಯೇ ಎಂದು ನನಗೆ ಅನ್ನಿಸಿತು. ಶೈಲಶ್ರೀ ಅಷ್ಟು ದುಃಖದಲ್ಲೂ ನಕ್ಕಳು. "ಇಂವಾ ಮನಿಯೊಳಗ ಕೂತು ಆಡಿದ್ರ ಬಿಸಿನೆಸ್. ನಾ ಮೈದಾನಕ್ಕ ಹೋಗಿ ಟ್ಯಾಕ್ಸ್ ಕಟ್ಟಿ ಆಡಿದ್ರ ಜೂಜು."

"ಅದನ್ನಽ ಬಿಡಿಸಿ ಹೇಳು," ಎಂದಳು ಅಂಬಾತಾಯಿ. "ರೇಸಿಂದ ಯಾರರೆ ಸಂಸಾರ ಮಾಡ್ತಾರೇನು?"

"ನಮ್ಮಪ್ಪ ಕುದರಿ ಡಾಕ್ಟರ್ ಇದ್ರು. ಕುದರಿ ನಡಿಗಿ, ಉಸರು, ಗೊರಸು ನೋಡೂದು ಸಣ್ಣಾಕಿ ಇದ್ದಾಗಿಂದ ಕಲಿತೀನ್ರಿ. ಭಾಳ ದಿನಾ ಬರೇ ನೋಡಿ ಬರ್ತೀನಿ. ತಿಳದ್ರಷ್ಟಽ ಕಟ್ತೀನಿ."

"ಮನಿ ಮಾಲಕರಿಗೆ ಏನಂತ ಹೇಳ್ತಿದ್ದಿ?"

"ಖಡಕಿ ಏರಿಯಾದೊಳಗ ಮೊದಲನೇ ಮನಿಯಾಗ ಖರೆ ಹೇಳಿದೆ. ಅಡ್ವಾನ್ಸ್ ಹೊಳ್ಳಿ ಕೈಗಿಟ್ರು. ಮುಂದಿನ ಮನಿಯಾಗ ಟ್ಯೂಷನ್ ಹೇಳ್ತೀನಿ ಅಂದೆ. ಮಾಲಕರ ಮಗನ್ನಽ ಕಳಿಸಿದ್ರು, ಗಣಿತದ ಪುಸ್ತಕಾ ಹಿಡ್ಕೊಂಡು ಬಂದ! ಅಲ್ಲಿಂದ ಈ ಕಡೆ ಹಡಪಸರ ದಾರಿಯೊಳಗ ಕೆಲಸ ಅಂತೀನಿ. ಅದೇನ್ ಸುಳ್ಳಲ್ರಿ, ರೇಸ್ ಮೈದಾನ ಅದಽ ದಾರಿಯೊಳಗ ಅದ."

"ಇಲ್ಲಿ ಯಾರಿಗೂ ಖರೆ ಗೊತ್ತಿದ್ದಿಲ್ಲ?"

"ಕಾಕುಗ ಗೊತ್ತಿತ್ತು," ಎಂದು ಶಿವಬಸವ್ವನತ್ತ ನೋಡಿದಳು. "ಯುಗಾದಿಗೆ ಹೋಳಿಗಿ ಕೊಡಾಕ ಬಂದು ಕೇಳಿದ್ರು. ಅಷ್ಟು ಮಾಯಾ ಮಮತಿ ಮಾಡ್ತಾರ, ಸುಳ್ಳು ಹೇಳಾಕ ಬಾಯಿ ಬರಲಿಲ್ಲ. ಕೇಳಿ ನಕ್ಕರು. ಬೈಲಿಲ್ರಿ."

ಅಂಬಾತಾಯಿ ಫಕೀರಪ್ಪನ ಕಡೆ ತಿರುಗಿದಳು. "ನಿಮಗ ಯಾರು ಹೇಳಿದ್ರು? ಯಾವಾಗ?"

"ನಮ್ಮಾಕಿನಽ ಹೇಳಿದ್ಲು. ನಿನ್ನಿ ರಾತ್ರಿ, ಉಣ್ಣೂ ಮುಂದ."

"ಯುಗಾದಿಯಿಂದ ಗಣಪತಿ ಹಬ್ಬಾ ಬರೂತನಕಾ ಬಾಯಿ ಬಿಡಲಿಲ್ಲ. ನಿನ್ನಿ ರಾತ್ರಿ ಹೇಳಿದ್ರು. ಇವತ್ತು ಮುಂಜಾನೆ ತಾಳಿ ಹೋತು. ಹೌದಲ್ಲ?"

ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳಬೇಕನ್ನಿಸ್ತು, ಹೇಳಿದೆ."

"ಚನ್ನವೀರಣ್ಣ," ಅಂಬಾತಾಯಿ ನನ್ನನ್ನು ಕರೆದಳು. "ಕೂಗು ಕೇಳಿ ನೀವು ಓಡಿ ಬಂದಾಗ ಈ ಅಕ್ಕಾರು ಹ್ಯಾಂಗ ನಿಂತಿದ್ರು? ಕಂಡದ್ದು ಅಷ್ಟೂ ಹೇಳ್ರಿ."

ಇದೆಂಥ ಪ್ರಶ್ನೆ? ಆದರೂ ಹೇಳಿದೆ — ಒದ್ದೆ ಕೂದಲು, ಕಣ್ಣೀರು, ಕೊರಳಲ್ಲಿ ಅರಿಶಿನದ ಕೊಂಬು.

"ಕೊಂಬು ಆಗಲೇ ಕೊರಳಾಗ ಇತ್ತು?"

"ಇತ್ತು. ತಾಳಿ ಹೋದ ಮುತ್ತೈದಿ ಬರಿ ಕೊರಳಿಲೆ ಇರತಾಳೇನು? ಕೊಂಬು ಕಟ್ಟಿಗೊಳ್ಳೂದು ನಮ್ಮ ಪದ್ಧತಿ."

"ಅದಽ ಮಾತು. ಪದ್ಧತಿ ಪ್ರಕಾರ ಅದ ಅಂತ ಯಾರ ಕಣ್ಣಿಗೂ ಬೀಳಲಿಲ್ಲ." ಅಂಬಾತಾಯಿಯ ದನಿ ತಗ್ಗಿತು. "ಕೊಂಡಿ ಮುರದು ನನ್ನ ತಾಳಿ ಅಕ್ಕಸಾಲಿಗನ ಕಡೆ ಕೊಡೂ ಮುಂದ, ನಮ್ಮತ್ತಿ ಮೊದಲು ಕೊಂಬು ಕಟ್ಟಿ ಆಮ್ಯಾಲೆ ತಾಳಿ ತಗದ್ಲು. ಒಂದು ಗಳಗಿನೂ ಕೊರಳು ಬರಿದು ಇರಬಾರದು ಅಂದ್ಲು. ಜಳಕಾ ಮಾಡಿ ಹಾಕ್ಕೊಳ್ಳೂ ತಾಳಿಗೆ ಯಾರೂ ಕೊಂಬು ಕಟ್ಟೂದಿಲ್ಲ. ಈ ಅಕ್ಕಾರು ಬಚ್ಚಲದಿಂದ ಹೊರಗ ಬಂದಾರ, ಗೂಡು ನೋಡ್ಯಾರ, ಕೂಗ್ಯಾರ. ನಡುವ ದಾರಕ್ಕ ಅರಿಶಿನ ಹಚ್ಚಿ ಕೊಂಬು ಕಟ್ಟಿಗೊಳ್ಳಾಕ ಯಾವಾಗ ವ್ಯಾಳೆ ಸಿಕ್ಕಿತು? ತಾಳಿ ಇಲ್ಲಂತ ಅವರಿಗೆ ಮೊದಲಽ ಗೊತ್ತಿತ್ತು. ಈ ಮನಿಯೊಳಗ ಇವತ್ತು ಕಳವು ಆಗಿಲ್ಲ. ಅಕ್ಕಾರ, ತಾಳಿ ಒಯ್ದಾಕಿ ನೀವಽ. ಎಲ್ಲಿ ಕೊಟ್ರಿ?"

ಶಿವಬಸವ್ವ! ಲಿಂಗಪೂಜೆ ಆಗದೆ ನೀರು ಮುಟ್ಟದ, ಪ್ರತಿ ವಾರ ವಚನ ಹಾಡಲು ಹೋಗುವ ಶಿವಬಸವ್ವ! ಇಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ಇಲ್ಲ ಎನ್ನಲಿಲ್ಲ.

"ಮಾರಿದೆ," ಎಂದಳು. "ಶನಿವಾರ. ನಿನ್ನಿ ಐತವಾರ ವಚನಕ್ಕ ಹೋಗ್ತೀನಂತ ಹೇಳಿ ಮೈದಾನಕ್ಕ ಹೋದೆ. ಎಲ್ಲಾ ಹೋತು."

"ಏನು?" ಫಕೀರಪ್ಪ ಎದ್ದು ನಿಂತವನು ಮತ್ತೆ ಕುಸಿದು ಕುಳಿತ. "ಶನಿವಾರದಿಂದ ಕೊರಳಾಗ ತಾಳಿ ಇಲ್ಲ? ನನಗ ಕಾಣಲಿಲ್ಲ?"

"ಎಷ್ಟು ವರ್ಷಾತ್ರಿ ನೀವು ನನ್ನ ಕೊರಳು ನೋಡಿ? ಕಾಯಿಪಲ್ಯೆಕ್ಕೂ ನಿಮ್ಮ ಮುಂದ ಕೈ ಒಡ್ಡಬೇಕು, ಯಾಕ, ಎಷ್ಟು ಅಂತ ಲೆಕ್ಕಾ ಒಪ್ಪಿಸಬೇಕು. ಈಕಿ ನೋಡ್ರಿ, ಯಾರನ್ನೂ ಕೇಳೂದಿಲ್ಲ. ನನಗೊಂದಿಷ್ಟು ಹೇಳಿಕೊಡವಾ ಅಂದೆ. ಬ್ಯಾಡ ಕಾಕು ಅಂದ್ಲು. ತನಗಷ್ಟಽ ಇಟ್ಕೊಂಡಾಳ ಅಂತ ಸಿಟ್ಟು ಬಂತು."

"ಬ್ಯಾಡ ಅಂದಿದ್ದು ನಾನೂ ಸೋಲ್ತೀನಂತ, ಕಾಕು," ಎಂದಳು ಶೈಲಶ್ರೀ. "ಗೆದ್ದದ್ದಕ್ಕಿಂತ ಸೋತದ್ದಽ ಭಾಳ."

"ಪ್ರತಿ ಐತವಾರ ನಕ್ಕೋತ ಬರ್ತಿದ್ದಿ! ಸೋತಾಗಲೂ ನಗತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಶಿವಬಸವ್ವನ ಮೇಲೆ ನನಗೆ ಸಿಟ್ಟು ಬಂದಿತ್ತು, ಕನಿಕರವೂ ಬಂದಿತ್ತು. ಎರಡರಲ್ಲಿ ಯಾವುದನ್ನು ಹಿಡಿಯಲಿ ಎಂದು ತಿಳಿಯಲಿಲ್ಲ.

ಕೊನೆಗೆ ಫಕೀರಪ್ಪ ಶೈಲಶ್ರೀಯತ್ತ ಮುಖ ಎತ್ತಿದ. "ತಪ್ಪಾತವಾ. ಇಲ್ಲೇ ಇರು."

ಅವಳು ಒಲ್ಲೆನೆಂದು ತಲೆಯಲ್ಲಾಡಿಸಿ ಮೇಲೆ ಹೋದಳು. ಬಟ್ಟೆ ತುಂಬಿದ ಚೀಲಗಳೊಡನೆ ಇಳಿದು ಬಂದಾಗ ಒಂದನ್ನು ನಾನು ಇಸಿದುಕೊಂಡೆ.

"ನನ್ನ ಮಾಳಿಗಿಯೊಳಗ ಒಂದು ಕೋಣಿ ಖಾಲಿ ಅದ," ಎಂದಳು ಅಂಬಾತಾಯಿ. "ಏನ್ ಕೆಲಸಾ ಅಂತ ಕೇಳೂದಿಲ್ಲ. ಕೇಳೂದು ನನ್ನ ದಂಧೆ. ಮನಿಯೊಳಗ ನಾ ದಂಧೆ ಮಾಡೂದಿಲ್ಲ."

ಶೈಲಶ್ರೀ ಹೊಸ್ತಿಲ ಬಳಿ ನಿಂತಳು. ಅಷ್ಟೂ ಹೊತ್ತು ತಡೆದಿದ್ದ ಅಳು ಆಗ ಬಂತು.

"ಈ ಊರಾಗ ಎಷ್ಟು ಮಂದಿಗೆ ಸುಳ್ಳು ಹೇಳೀನಿ, ಅವರ್ಯಾರೂ ನನ್ನ ಕಳ್ಳಿ ಅನ್ನಲಿಲ್ಲ. ಖರೆ ಹೇಳಿ ನಂಬಿದ್ದು ನಿಮ್ಮನ್ನೊಬ್ಬರನ್ನಽ, ಕಾಕು."

ಶಿವಬಸವ್ವ ಕೊರಳಿನ ಕೊಂಬನ್ನು ಸೆರಗಿನಿಂದ ಮುಚ್ಚಿಕೊಂಡಳು.