ಆ್ಯಪ್ ಆರಿಸಿಕೊಟ್ಟ ಚಿತ್ರ

"ರೀ, ನಾಚಿಕೆ ಆಗಲ್ವಾ ನಿಮಗೆ?"

ವೀಣ ಕೂಗಿದ ರಭಸಕ್ಕೆ ಮೆಟ್ಟಿಲ ಮೇಲಿದ್ದ ಕಾಗೆಗಳು ಎದ್ದು ಹಾರಿದವು. ಸೊಂಟಮಟ್ಟದ ಹೊಳೆನೀರಿನಲ್ಲಿ ನಿಂತಿದ್ದವನು ಮಾತ್ರ ತಕ್ಷಣ ತಿರುಗಲಿಲ್ಲ. ಬೋಳಿಸಿದ ತಲೆ, ಬರಿಮೈ, ಕೈಯಿಂದ ನೀರಿನವರೆಗೆ ಇಳಿಬಿದ್ದ ಹಸಿರು ಸೀರೆ.

ಆಮೇಲೆ ನಿಧಾನವಾಗಿ ಕತ್ತು ಹೊರಳಿಸಿ ಅವಳನ್ನು ನೋಡಿದ.

ಆ ಕಣ್ಣುಗಳು... ಕೆಂಪಾಗಿದ್ದವು. ಅವಳ ಎದೆಯೊಳಗೆ ಏನೋ ಒಂದು ಗಳಿಗೆ ಮಿಸುಕಿತು.

ಅಷ್ಟರಲ್ಲಿ ಯಾರದೋ ಹಳೆಯ ಒಳಚಡ್ಡಿ ತೇಲಿ ಬಂದು ಅವಳ ರಬ್ಬರ್ ಬೂಟಿಗೆ ಅಂಟಿಕೊಂಡಿತು. ಎದೆಯಲ್ಲಿ ಮಿಸುಕಿದ್ದು ಹೊಟ್ಟೆಗಿಳಿದು, ಅಲ್ಲಿಂದ ಗಂಟಲಿಗೆ ಬಂತು. ಥೂ! ಬಗ್ಗಿ ಕಡ್ಡಿಯಿಂದ ಅದನ್ನು ಕೆರೆದು ದೂಡುವಷ್ಟರಲ್ಲಿ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ತಲೆಯೆತ್ತಿದಾಗ ಅವನು ಆಚೆ ಬದಿಯ ಮೆಟ್ಟಿಲು ಹತ್ತಿ ಹೋಗಿಬಿಟ್ಟಿದ್ದ.

ವೀಣ ಗಂಜಾಂನ ಅಕ್ಕಸಾಲಿಗರ ಮನೆಯ ಹುಡುಗಿ. ಪೇಟೆಯ ಒಡವೆ ಅಂಗಡಿಗೆ ಸರ, ಓಲೆಗಳ ಫೋಟೊ ತೆಗೆದುಕೊಡುವುದು ಅವಳ ಕೆಲಸ. ಹೊಳೆಯ ಫೋಟೊ ತೆಗೆಯುವುದು ಅವಳ ಹುಚ್ಚು. ಸೂರ್ಯ ಯಾವ ದಿನ ಎಲ್ಲಿಂದ ಏಳುತ್ತಾನೆಂದು ತೋರಿಸುವ ಆ್ಯಪ್ ಅವಳ ಫೋನಿನಲ್ಲಿತ್ತು. ಈ ವಾರ ಅವನು ಹಾಳು ಮಂಟಪದ ಎರಡು ಕಂಬಗಳ ನಡುವೆಯೇ ಏಳುತ್ತಾನೆ ಎಂದು ಅದು ಹೇಳಿತ್ತು. ಅದಕ್ಕೇ ಗಿಡ್ಡ ಟ್ರೈಪಾಡನ್ನು ಕೆಸರಿಗೆ ಊರಿ, ಫೋನನ್ನು ನೀರು ತಾಗದ ಚೀಲಕ್ಕೆ ಹಾಕಿ, ಲೆನ್ಸಿನ ಮೇಲೆ ನೀರಿನ ಝಳಪು ತಗ್ಗಿಸುವ ಗಾಜು ಸಿಕ್ಕಿಸಿ, ಕೈಯಲ್ಲಿ ಪುಟ್ಟ ರಿಮೋಟು ಹಿಡಿದು ನಿಂತಿದ್ದಳು.

ಚಿತ್ರದಲ್ಲಿ ಇದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಕಾಣದಿರುವುದು ನಾತ. ಕರ್ಮ ಮಾಡಿಸಲು ಬಂದವರು ಬಿಟ್ಟುಹೋದ ಕೊಳೆತ ಎಲೆ, ಒಡೆದ ಮಡಕೆ, ಲೋಳೆಗಟ್ಟಿದ ಅನ್ನ, ಸತ್ತವರ ಅಂಗಿ, ಬದುಕಿರುವವರ ಪಂಚೆ. ಪ್ರತಿಸಲ ಮನೆಗೆ ಬಂದು ಇನ್ನೊಂದು ಆ್ಯಪ್ ತೆರೆದು ಆ ಹೊಲಸನ್ನು ಬೆರಳಿನಿಂದ ಉಜ್ಜಿ ಅಳಿಸುತ್ತಿದ್ದಳು. ಅಳಿಸಿದ ಜಾಗದಲ್ಲಿ ಆ್ಯಪ್ ತಾನಾಗಿ ತಿಳಿನೀರು ತುಂಬಿಸುತ್ತಿತ್ತು. ನಮ್ಮ ಕಾವೇರಿ ಎಷ್ಟು ಚಂದ ಎಂದು ಜನ ಬರೆಯುತ್ತಿದ್ದರು. ಓದುವಾಗೆಲ್ಲ ಅವಳಿಗೆ ತನ್ನ ಬೆರಳನ್ನೇ ಸೋಪಿನಲ್ಲಿ ತೊಳೆಯಬೇಕೆನಿಸುತ್ತಿತ್ತು.

ಅಂದು ಅವಳು ಏನನ್ನೂ ಅಳಿಸಲಿಲ್ಲ.

ರಿಮೋಟಿನ ಗುಂಡಿ ಒತ್ತಿ ಹಿಡಿದರೆ ಫೋನು ಪಟಪಟನೆ ಹತ್ತಾರು ಚಿತ್ರ ತೆಗೆಯುತ್ತದೆ. ಆ ರಾಶಿಯಲ್ಲಿ ಚೆನ್ನಾಗಿರುವ ಒಂದನ್ನು ಆ್ಯಪೇ ಆರಿಸಿ ಮುಂದಿಟ್ಟು, ಉಳಿದವನ್ನು ಹಿಂದೆ ಬಚ್ಚಿಡುತ್ತದೆ. ಅದು ಆರಿಸಿಕೊಟ್ಟ ಚಿತ್ರದಲ್ಲಿ ಕಂಬಗಳ ನಡುವೆ ಸೂರ್ಯನಿದ್ದ, ಎದುರಿಗೆ ಬೋಳುತಲೆಯವನಿದ್ದ, ಅವನ ಕೈಗೂ ನೀರಿಗೂ ನಡುವೆ ಹಸಿರು ಸೀರೆಯಿತ್ತು.

'ಕಾವೇರಿಯನ್ನು ಕೊಲ್ಲುತ್ತಿರುವ ಕೈ ಇದು' ಎಂದು ಬರೆದು ತನ್ನ ಪೇಜಿಗೆ ಹಾಕಿದಳು.

ಸಂಜೆಯೊಳಗೆ ಚಿತ್ರ ಊರೂರು ಸುತ್ತಿತು. ಜನ ಅವನಿಗೆ ಬೈದ ಬೈಗುಳಗಳನ್ನು ಅವಳು ಮೊದಲು ಖುಷಿಯಿಂದ ಓದಿದಳು. ಆಮೇಲೆ ಓದಲಾಗಲಿಲ್ಲ. ಬೋಳುತಲೆ, ಸೀರೆ ನೋಡಿ ಸತ್ತವಳು ಅವನ ತಾಯಿಯೆಂದು ಊಹಿಸಿ, ಅವಳನ್ನೂ ಬಿಟ್ಟಿರಲಿಲ್ಲ.

ಬಾಬುರಾಯನಕೊಪ್ಪಲಿನಿಂದ ಚಿಕ್ಕಮ್ಮ ರಾಧಾಮಣಿ ಫೋನು ಮಾಡಿದಳು. ಚಿತ್ರದಲ್ಲಿರುವವನು ತಮ್ಮ ಬೀದಿಗೆ ಹಾಲು ಹಾಕುವ ಅರಕೆರೆಯ ದಿಲೀಪ್ ಅಂತ. ಅಂಥ ಕೊಳಕನ ಕೈಯ ಹಾಲು ಬೇಡವೆಂದು ಬೀದಿಯವರೆಲ್ಲ ಒಟ್ಟಾಗಿ ಹೇಳಿಬಿಟ್ಟರಂತೆ. ನಿನ್ನಿಂದ ಒಳ್ಳೆಯ ಕೆಲಸವಾಯಿತು ಎಂದು ಚಿಕ್ಕಮ್ಮ ಹೊಗಳಿದಳು.

ಒಳ್ಳೆಯ ಕೆಲಸ. ಹಾಗಾದರೆ ಊಟ ಯಾಕೆ ಸೇರುತ್ತಿಲ್ಲ?

ಮರುದಿನ ಫೋನಿನಲ್ಲಿ ಜಾಗ ತುಂಬಿತು. ಅಳಿಸಲೆಂದು ಆ ರಾಶಿಯನ್ನು ತೆರೆದಳು. ಮೊದಲು ಬರೀ ನೀರು. ಆಮೇಲೆ, ಅವಳು ಸೂರ್ಯನನ್ನಷ್ಟೇ ನೋಡುತ್ತಿದ್ದಾಗ ಚಿತ್ರದೊಳಗೆ ಬಂದ, ಬಗ್ಗಿ ನೀರೊಳಗೆ ಕೈಯಾಡಿಸುತ್ತಿರುವ ಗಂಡಸು. ಮುಂದಿನದರಲ್ಲಿ ಬೆರಳಿಗೆ ಸಿಕ್ಕ ಹಸಿರು ಅಂಚು. ಮುಂದಿನದರಲ್ಲಿ ಒಂದು ಮೊಳ. ಮುಂದಿನದರಲ್ಲಿ ಒಂದು ಮಾರು, ತೊಟ್ಟಿಕ್ಕುತ್ತಿರುವ ನೀರು.

ವೀಣ ಮತ್ತೆ ಮೊದಲಿನಿಂದ ನೋಡಿದಳು.

ಅವನು ಎಸೆಯುತ್ತಿರಲಿಲ್ಲ. ಎಳೆದುಕೊಳ್ಳುತ್ತಿದ್ದ.

ಅವಳು ಬಗ್ಗಿ ಬೂಟು ಕೆರೆದುಕೊಳ್ಳುವಾಗಲೂ ಹೆಬ್ಬೆರಳು ಗುಂಡಿಯ ಮೇಲೇ ಇದ್ದಿರಬೇಕು. ಕೊನೆಯ ಚಿತ್ರಗಳಲ್ಲಿ ಅವನು ಆ ಹೊಲಸು ಸೀರೆಯನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡಿದ್ದ. ಲೋಳೆ, ಎಲೆಚೂರು, ಎಲ್ಲದರ ಸಮೇತ. ನೋಡಿ ಅವಳಿಗೆ ವಾಕರಿಕೆ ಬಂತು. ಆದರೆ ಈ ಸಲ ಅಸಹ್ಯವಾದದ್ದು ಸೀರೆಯಲ್ಲ, ತಾನು.

ಅರಕೆರೆ ಬಸ್ಸಿನಿಂದಿಳಿದು ಮನೆ ಕೇಳಿಕೊಂಡು ಹೋದಾಗ ಅವನು ಕೊಟ್ಟಿಗೆಯ ಮುಂದೆ ಮಾರಾಟವಾಗದೆ ಒಡೆದ ಹಾಲನ್ನು ಗುಂಡಿಗೆ ಸುರಿಯುತ್ತಿದ್ದ. ಹುಳಿ ನಾತಕ್ಕೆ ನೊಣ ಮುತ್ತಿದ್ದವು. ಅವಳನ್ನು ಕಂಡು ಕೈ ನಿಲ್ಲಿಸಿದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಫೋನು ಚಾಚಿ ಎಲ್ಲ ಚಿತ್ರಗಳನ್ನೂ ತೋರಿಸಿದಳು. ಇವತ್ತೇ ಇವನ್ನೆಲ್ಲ ಹಾಕುತ್ತೇನೆ, ಜನರ ಬಾಯಿ ಮುಚ್ಚಿಸುತ್ತೇನೆ ಎಂದಳು.

ಅವನ ಮುಖ ಬಿಳಿಚಿಕೊಂಡಿತು. ಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಕೈ ಮುಗೀತೀನಿ, ಬ್ಯಾಡಿ. ಒಳಗೆ ನಮ್ಮ ಸೋದರತ್ತೆ ಅವ್ರೆ, ಪುಟ್ಟಗೌರಮ್ಮ. ಅವ್ವನ ಕರ್ಮ ಎಲ್ಲಾ ನಿಂತು ಮಾಡ್ಸಿದ್ದು ಅವ್ರೇಯ. ನೀರಿಗೆ ಬುಟ್ಟಿದ್ದ ತಿರುಗಿ ಮನೆಗೆ ತರಬಾರ್ದು. ತಂದಿವ್ನಿ ಅಂತ ಗೊತ್ತಾದ್ರೆ ಈ ಮನೇಲಿ ತೊಟ್ಟು ನೀರೂ ಮುಟ್ಟಲ್ಲ ಅವ್ರು. ನಂಗೆ ಉಳ್ದಿರದು ಅವ್ರೊಬ್ರು."

"ಮತ್ತೆ ಯಾಕೆ ತಂದ್ರಿ?"

ಅವನು ಖಾಲಿ ಕ್ಯಾನನ್ನು ಬೋರಲು ಹಾಕಿದ.

"ತಿರುಗಿ ನೋಡಬಾರ್ದು ಅಂದಿದ್ರು. ನೋಡ್ಬುಟ್ಟೆ. ನಮ್ಮವ್ವನ ಸೀರೆ ಯಾರದೋ ಚಡ್ಡಿ ಜೊತೆ ಸುತ್ಕಂಡಿತ್ತು. ಎಲ್ರುನೂ ಬಸ್ಸು ಹತ್ತಿಸಿ ಮಾರ್ನೆ ದಿನ ನಸುಕ್ನಲ್ಲೇ ಒಬ್ನೇ ವಾಪಸ್ ಬಂದೆ."

ಹಾಗಾದರೆ ಜನ ಕೊಳಕ ಅನ್ನುತ್ತಲೇ ಇರಲಿ ಅಂತೀರಾ ಎಂದು ವೀಣ ಕೇಳಿದಳು.

"ಅನ್ನಲಿ ಬುಡಿ. ನಮ್ಮವ್ವನ ಸುದ್ದಿಗೆ ಬರ್ದೆ ಇದ್ರೆ ಸಾಕು."

ಆ ರಾತ್ರಿ ಅವಳು ಪೇಜಿನಲ್ಲಿ ಬರೆದಳು: 'ನಾನು ಹೇಳಿದ್ದು ಸುಳ್ಳು. ಆ ಚಿತ್ರದಲ್ಲಿ ಇವರು ಹೊಳೆಗೆ ಏನನ್ನೂ ಎಸೆಯುತ್ತಿಲ್ಲ. ಸಾಕ್ಷಿ ಕೇಳಬೇಡಿ, ಕೊಡಲಾರೆ.' ಅದರ ಕೆಳಗೆ, ತಾನು ಅಳಿಸುವ ಮುಂಚಿನ ಕಾವೇರಿಯ ಚಿತ್ರಗಳನ್ನೆಲ್ಲ ಹಾಕಿದಳು. ಹೊಲಸಿನ ಸಮೇತ.

ಬೈಗುಳದ ಹೊಳೆ ಅವಳ ಕಡೆ ತಿರುಗಿತು. ಸಾಕ್ಷಿ ಇಲ್ಲದ ಕ್ಷಮಾಪಣೆಗೆ ಜನ ತಾವೇ ಕಾರಣ ಕಟ್ಟಿದರು. ಅವನಿಂದ ದುಡ್ಡು ತಿಂದಿದ್ದಾಳೆ ಎಂದರು. ಅವನೊಂದಿಗೆ ಇನ್ನೇನೋ ಮಾಡಿಕೊಂಡಿದ್ದಾಳೆ ಎಂದು, ಬಾಯಲ್ಲಿ ಆಡಲಾಗದ ಮಾತಿನಲ್ಲಿ ಬರೆದರು. ಒಡವೆ ಅಂಗಡಿಯವರು ಸದ್ಯಕ್ಕೆ ಬರಬೇಡಿ ಎಂದರು. ಅಮ್ಮ ಜಯಲಕ್ಷ್ಮಮ್ಮ ಮಾತು ಬಿಟ್ಟಳು.

ಅವಳು ಹೆದರಿ ಮನೆಯಲ್ಲಿ ಕೂರಲಿಲ್ಲ. ಒಂದು ಬೆಳಗ್ಗೆ ಬಾಬುರಾಯನಕೊಪ್ಪಲಿಗೆ ಹೋಗಿ, ಉಳಿದ ಒಂದೆರಡು ಮನೆಗೆ ಹಾಲು ಹಾಕಲು ಬಂದ ದಿಲೀಪನನ್ನು ಚಿಕ್ಕಮ್ಮನ ಮನೆಯ ಎದುರಲ್ಲೇ ನಿಲ್ಲಿಸಿ ಲೋಟ ಚಾಚಿದಳು. ಹಸಿಹಾಲಿನ ವಾಸನೆಗೇ ಅವಳಿಗೆ ಚಿಕ್ಕಂದಿನಿಂದ ಹೊಟ್ಟೆ ತೊಳಸುತ್ತದೆ. ಬೀದಿಯೆಲ್ಲ ನೋಡುತ್ತಿರಲು ಮೂಗು ಹಿಡಿಯದೆ, ಒಂದೇ ಉಸಿರಿಗೆ ಕುಡಿದಳು. ಕಣ್ಣು ಮೇಲೆ ಸಿಕ್ಕಿಕೊಂಡವು.

"ಕಾಯ್ಸಿ ಕುಡೀಬೋದಿತ್ತು," ಎಂದ ಅವನು, ನಗು ತಡೆದುಕೊಂಡು.

"ಸುಮ್ನಿರಿ. ಮಾತಾಡಿದ್ರೆ ಈಚೆ ಬಂದ್ಬಿಡುತ್ತೆ."

ಅವನು ನಕ್ಕೇಬಿಟ್ಟ. ತಾಯಿ ಹೋದ ಮೇಲೆ ಅದೇ ಮೊದಲು ಎಂದು ಆಮೇಲೆ ಯಾವಾಗಲೋ ಹೇಳಿದ. ಅವಳಿಗೂ ಅದೇ ಬೆಳಗ್ಗೆ ಗೊತ್ತಾಗಿಹೋಗಿತ್ತು... ಈ ನಗುವನ್ನು ಇನ್ನೊಮ್ಮೆ ನೋಡಬೇಕೆಂದರೆ ಇನ್ನೊಂದು ಲೋಟ ಕುಡಿಯಲೂ ತಾನು ತಯಾರು ಎಂದು.

ರಾಧಾಮಣಿ ಮರುದಿನದಿಂದ ಮತ್ತೆ ಪಾತ್ರೆ ಹೊರಗಿಟ್ಟಳು. ನೋಡನೋಡುತ್ತ ಬೀದಿಯೂ ಇಟ್ಟಿತು. ವಾರದಲ್ಲಿ ಎರಡು ದಿನ ಅವರಿಬ್ಬರೂ ಕೈಗವಸು ತೊಟ್ಟು ಮೆಟ್ಟಿಲ ಹತ್ತಿರ ಬಟ್ಟೆ ಎಳೆದು ದಡಕ್ಕೆ ಹಾಕತೊಡಗಿದರು. ಎಷ್ಟು ಎಳೆದರೂ ಮುಗಿಯುತ್ತಿರಲಿಲ್ಲ. ಅವರು ಎಳೆಯುತ್ತಿರುವಾಗಲೇ ಪಕ್ಕದಲ್ಲಿ ಎಸೆಯುವವರಿದ್ದರು.

ಬೈಗುಳ ಮಾತ್ರ ನಿಂತಿರಲಿಲ್ಲ. ಅವಳು ಓದುವುದನ್ನು ಬಿಟ್ಟಿದ್ದಳು. ಅವನು ಬಿಟ್ಟಿರಲಿಲ್ಲ ಎಂದು ಅವಳಿಗೆ ತಿಳಿದದ್ದು ಒಂದು ಸಂಜೆ, ಹೊಳೆಯಿಂದ ಒಬ್ಬಳೇ ಮನೆಗೆ ಬಂದಾಗ. ದಿಲೀಪ್ ಗೇಟಿನ ಬಳಿ ನಿಂತಿದ್ದ.

"ಹತ್ತಿರ ಬರಬೇಡಿ, ನಾರ್ತಿದ್ದೀನಿ," ಎಂದಳು. ತೋಳಿನವರೆಗೆ ಕಪ್ಪು ಕೆಸರಿತ್ತು.

"ನಾನೇನು ಅತ್ತರು ಹಾಕ್ಕಂಡ್ ಬಂದಿವ್ನಾ? ಸಗಣಿ ಬಾಚಿ ಸೀದಾ ಬಂದೆ." ನಗುತ್ತಿರಲಿಲ್ಲ. "ಅತ್ತೆಗೆ ಎಲ್ಲಾನೂ ಹೇಳ್ಬುಟ್ಟೆ."

ಅವಳ ಕೈಯಿಂದ ಬೂಟು ಜಾರಿತು. "ಯಾಕೆ ಹೇಳಿದ್ರಿ? ಅದಕ್ಕೋಸ್ಕರ ತಾನೇ ನಾನು ಇಷ್ಟು ದಿನ..."

"ಅದಕ್ಕೇ ಹೇಳಿದ್ದು. ನನ್ ಗುಟ್ಟು ಉಳ್ಸಕ್ಕೆ ಊರವ್ರ ಬಾಯಿಂದ ಅಂಥಾ ಮಾತು ಕೇಳ್ತಾ ಕೂತಿದ್ರಿ. ನಂಗೆ ನನ್ ಮೇಲೇ ಅಸಹ್ಯ ಆಗೋಯ್ತು."

ಪುಟ್ಟಗೌರಮ್ಮ ಎರಡು ದಿನ ಅವನ ಮನೆಯ ಕಡೆ ತಲೆ ಹಾಕಲಿಲ್ಲವಂತೆ. ಇಂದು ಬೆಳಗ್ಗೆ ಬಂದು ಸೀರೆ ಎಲ್ಲಿ ಎಂದು ಕೇಳಿದಳಂತೆ. ಮೂಸಿ ನೋಡಿ, ಇದನ್ನ ಹೀಗೇನಾ ಒಗೆಯೋದು ಎಂದು ಬೈದು, ತಾನೇ ಕಲ್ಲಿಗೆ ಕುಕ್ಕಿ ಕುಕ್ಕಿ ಒಗೆದು, ಅಳುತ್ತ ಒಣಗಹಾಕಿದಳಂತೆ. ಉಳಿದ ಚಿತ್ರಗಳನ್ನು ಹಾಕು ಅಂತ ಆ ಹುಡುಗಿಗೆ ಹೇಳು ಎಂದಳಂತೆ.

ವೀಣ ತಲೆಯಾಡಿಸಿದಳು. "ಹಾಕಲ್ಲ. ನೀವು ಮುಖ ಮುಚ್ಚಿಕೊಂಡು ಅತ್ತಿದ್ದನ್ನ ಊರಿಗೆಲ್ಲ ಯಾಕೆ ತೋರಿಸ್ಲಿ?"

ಒಳಗೆ ಜಯಲಕ್ಷ್ಮಮ್ಮನ ನೆರಳು ಕಿಟಕಿಗೆ ಬಂತು. ಆದರೂ ಇಬ್ಬರೂ ಅಲುಗಲಿಲ್ಲ.

"ನಿಮ್ಮಪ್ಪನ್ನ ನೋಡಬೇಕಿತ್ತು," ಎಂದ ಅವನು.

"ಯಾಕೆ?"

"ಅಕ್ಕಸಾಲಿಗರ ಮನೆಗೆ ಗಂಡಸು ಯಾಕೆ ಬತ್ತಾನೆ? ತಾಳಿ ಮಾಡ್ಸಕ್ಕೆ."

ಅವಳ ಮುಖ ಕೆಸರಿನೊಳಗಿಂದಲೇ ಕೆಂಪಾಯಿತು. "ನೀವು ಗೌಡ್ರು, ನಾವು ಆಚಾರ್ರು. ಅಪ್ಪ ಬಾಗಿಲಿಂದಲೇ ಕಳಿಸ್ತಾರೆ."

"ಕಳಿಸ್ಲಿ. ನಾಳೆ ಬತ್ತೀನಿ. ನಾಳಿದ್ದೂವೆ ಬತ್ತೀನಿ. ಹಾಲಿನೋನಿಗೆ ದಿನಾ ಬರದು ಅಭ್ಯಾಸ ಐತೆ." ಆಮೇಲೆ ಮೆಲ್ಲಗೆ ಕೇಳಿದ, "ನಿಮಗೆ... ಒಪ್ಪಿಗೆನಾ?"

"ಇಂಥ ನಾತದಲ್ಲಿ ಯಾರಾದ್ರೂ ಕೇಳ್ತಾರಾ ಇದನ್ನ?"

"ನಾತ ಹೋಗೋಗಂಟ ಕಾದ್ರೆ ಮುದುಕ ಆಯ್ತೀನಿ, ವೀಣಾ."

ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. ಅವಳು ಗೇಟಿನ ಚಿಲಕ ತೆಗೆದಳು.

"ಬನ್ನಿ. ಕಾಲು ತೊಳ್ಕೊಂಡು ಒಳಗೆ ಬನ್ನಿ."