ದಾಹಿರನ ರಬಾಬದ ತಂತಿ

ಪಿಟೀಲಿನಂತೆ ಕಮಾನಿನಿಂದ ನುಡಿಸುವ ರಬಾಬ ಮರುಭೂಮಿಯ ಆ ಗುಡಾರದ ಕಂಬದಲ್ಲೇ ನೇತಾಡುತ್ತಿತ್ತು. ಮರ ಇತ್ತು, ಚರ್ಮ ಇತ್ತು, ಕಮಾನಿನ ಕೋಲೂ ಇತ್ತು. ಕುದುರೆ ಕೂದಲು ಮಾತ್ರ ಇರಲಿಲ್ಲ. ವಾದ್ಯದ ಒಂಟಿ ತಂತಿ, ಕಮಾನಿನ ಎಳೆಗಳು, ಎರಡೂ ಮಾಯ!

"ನಮ್ಮವರ ಬಿಳಿಕುದುರೆ ಬಾಲದ್ದು ಮಗಾ," ಎಂದಳು ಮುದುಕಿ ಶಮ್ಮಾ. "ಕುದುರೆಯೂ ಹೋಯ್ತು, ಅವರೂ ಹೋದ್ರು. ಇವತ್ತಿಗೆ ಮೂರು ವರ್ಷ. ಸಂಜೆ ಯಾರಿಂದಾದ್ರೂ ನುಡಿಸಿ ಆ ದನಿ ಒಂದ್ಸಲ ಕೇಳೋಣ ಅಂತಿದ್ದೆ. ಯಾವ ಹಾಳಾದೋನು ಒಯ್ದನೋ!"

ಠಾಣೆಯ ಸಾರ್ಜೆಂಟ್ ಫವ್ವಾಜ್ ರಬಾಬವನ್ನು ಕಂಬದಿಂದ ಇಳಿಸಿಕೊಂಡ. ಶಮ್ಮಾಳ ಗಂಡ ದಾಹಿರನ ರಬಾಬ ಕೇಳುತ್ತಲೇ ಅವನೂ ಬೆಳೆದವನು. ಆ ದನಿಗಾಗಿ ಅವನ ಜೀವವೂ ಹಂಬಲಿಸುತ್ತಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ ಅಮ್ಮಾ?"

"ಮಾನ್ ಪಟ್ಟಣದ ಹಳೇಸಾಮಾನಿನ ವ್ಯಾಪಾರಿ. 'ಲೋಕದ ಪಿಟೀಲುಗಳಿಗೆಲ್ಲ ಇದೇ ಅಜ್ಜಿ, ಕೊಟ್ಬಿಡಿ' ಅಂತ ನಿನ್ನೆನೂ ಪೀಡಿಸ್ದ."

"ಅವನಾಗಿದ್ರೆ ಅಜ್ಜೀನೇ ಹೊತ್ಕೊಂಡು ಹೋಗ್ತಿದ್ದ. ಬರೀ ಜಡೆ ಯಾಕೆ ಒಯ್ತಾನೆ?"

ಫವ್ವಾಜ್ ತಂತಿ ಕಟ್ಟುವ ಬಿರಡೆ ನೋಡಿದ. ಕತ್ತರಿಸಿದ ಗುರುತಿಲ್ಲ. ಒಂದೆಳೆಯೂ ತುಂಡಾಗದಂತೆ ಗಂಟು ಬಿಚ್ಚಿದ್ದಾರೆ. ಇದು ನುಡಿಸಬಲ್ಲವನ ಕೈ.

* * *

ದಾಹಿರನನ್ನು ಬಿಟ್ಟರೆ ಬಿಡಾರದಲ್ಲಿ ನುಡಿಸಬಲ್ಲವನು ಇನ್ನೊಬ್ಬನೇ, ಗದ್ಬಾನ್. ಮದುವೆಯಾಗದೆ ಎಪ್ಪತ್ತು ದಾಟಿದವನು. ಫವ್ವಾಜ್ ಹೋದಾಗ ಕಾಫಿ ಬಗ್ಗಿಸಿಕೊಟ್ಟ.

"ಬಿಳಿ ಕೂದಲು ಹುಡುಕ್ತಿದ್ದೀಯಂತೆ. ತಗೋ, ನನ್ನ ರಬಾಬ ನೋಡ್ಕೋ. ನನ್ನ ಕುದುರೆ ಕಂದು, ತಂತಿನೂ ಕಂದು."

ಫವ್ವಾಜ್ ಒದ್ದೆ ಕರವಸ್ತ್ರದಿಂದ ತಂತಿ ಉಜ್ಜಿದ. ಬಟ್ಟೆಗೆ ಬಣ್ಣ ಹತ್ತಿತು. ಮೂಗಿಗೆ ಹಿಡಿದ. ಏಲಕ್ಕಿ!

"ನಿಮ್ಮ ಕುದುರೆ ಬಾಲಕ್ಕೆ ಏಲಕ್ಕಿ ವಾಸನೆ ಎಲ್ಲಿಂದ ಬಂತು ಚಿಕ್ಕಪ್ಪಾ? ಬಿಳಿ ಕೂದಲನ್ನ ಕಾಫಿಲಿ ನೆನೆಸಿದ್ದೀರಿ. ನಮ್ಮ ಕಾಫಿಲಿ ಏಲಕ್ಕಿ ಇರುತ್ತೆ ಅನ್ನೋದೇ ಮರೆತ್ರಿ."

ಉಜ್ಜಿದ ಜಾಗದಲ್ಲಿ ತಂತಿ ಬಿಳಿಚಿಕೊಂಡಿತ್ತು. ಫವ್ವಾಜನ ಹಿಂದೆಯೇ ಬಂದಿದ್ದ ಶಮ್ಮಾ ಬಾಗಿಲಲ್ಲಿ ನಿಂತಿದ್ದಳು.

"ಯಾಕೆ ಗದ್ಬಾನ್? ನೀನಾ?"

"ನಲವತ್ತು ವರ್ಷ ನಿನ್ನೇ ನೆನೆಸ್ಕೊಂಡು ಬದುಕಿದೆ ಶಮ್ಮಾ. ಬಾಯಿ ಬಿಡ್ಲಿಲ್ಲ. ಹೋದ ತಿಂಗಳು ಮದುವೇಲಿ ನಾನು ನುಡಿಸೋಕೆ ಶುರು ಮಾಡಿದ್ದೇ ತಡ, ನೀನು ಎದ್ದು ಹೋದೆ. ಅವನ ತಂತಿ ಇದ್ರಾದ್ರೂ ಕೂತು ಕೇಳ್ತೀಯೇನೋ ಅಂತ..."

ಶಮ್ಮಾ ಒಳಗೆ ಬಂದು ಅವನೆದುರು ಕೂತಳು.

"ಅಯ್ಯೋ ಹುಚ್ಚಪ್ಪಾ! ಅವತ್ತು ಅಳು ಬಂತು ಅಂತ ಎದ್ದೆ. ಗುಡಾರದ ಹಿಂದೆ ನಿಂತು ಮುಗಿಯೋವರೆಗೂ ಕೇಳಿದೆ. ಮೊದಲು ಅವರ ತಂತಿ, ಕಮಾನಿನ ಎಳೆ ಎರಡನ್ನೂ ಅವರ ರಬಾಬಕ್ಕೆ ಕಟ್ಟು. ಆಮೇಲೆ ನಿನ್ನ ಕಂದು ತಂತಿ ನಿನ್ನದಕ್ಕೆ ಕಟ್ಕೊಂಡು ಸಂಜೆ ಬಾ. ಎರಡನ್ನೂ ಕೂತೇ ಕೇಳ್ತೀನಿ."